ತೆ.ಹಿ. ಎಂಬ ಎರಡಕ್ಷರ

ಅತ್ತೆ ಪ್ರಯಾಣದ ಚೀಲ ತುಂಬಿಟ್ಟು ಎರಡು ತಿಂಗಳಾಗಿತ್ತು. ಹೊರಡುವ ದಿನವೇ ಗೊತ್ತಿಲ್ಲದ ಪ್ರಯಾಣಕ್ಕೆ ಇಷ್ಟು ಮೊದಲೇ ಚೀಲ ತುಂಬಿಕೊಂಡವರು ಆ ಬೀದಿಯಲ್ಲಂತೂ ಬೇರೆ ಯಾರೂ ಇರಲಿಲ್ಲ. ಅವರಿಗಿದ್ದದ್ದು ಎರಡೇ ಟವೆಲ್ಲು, ಒಂದು ಆಗಲೇ ಚೀಲ ಸೇರಿತ್ತು. ಇನ್ನೊಂದು ಒಣಗದ ದಿನ ಚೀಲದ ಜಿಪ್ಪು ಎಳೆದು ಒಳಗಿನದನ್ನು ಹೊರತೆಗೆಯುವುದು, ಮೈ ಒರೆಸಿಕೊಂಡು, ಒಗೆದು ಒಣಗಿಸಿ, ನಾಲ್ಕು ಮಡಿಕೆ ಮಾಡಿ ಮತ್ತೆ ಒಳಗಿಡುವುದು. ಮಂಚದ ಕೆಳಗಿದ್ದ ಆ ಚೀಲಕ್ಕೆ ಕಸ ಗುಡಿಸುವಾಗಲೆಲ್ಲ ಪೊರಕೆ ತಗಲುತ್ತಿತ್ತು.

"ಅಮ್ಮ, ಮೊದಲು ಚೀಲಕ್ಕೊಂದು ಟಿಕೆಟ್ ಮಾಡಿಸೋಣ. ಅದಕ್ಕೆ ನಿನಗಿಂತ ಅವಸರ" ಎಂದು ಮಗ ಛೇಡಿಸುತ್ತಿದ್ದ.

"ನಿನಗೇನೋ ಗೊತ್ತು? ದಿನವೆಲ್ಲ ಬರೀ ಮೇಲೆ ಕೆಳಗೆ ಓಡಾಡೋನು. ದೂರ ಅನ್ನೋದು ನೀನು ಕಂಡಿದ್ದರೆ ತಾನೆ!"

ಮಗನದು ಲಿಫ್ಟ್ ರಿಪೇರಿ ಮಾಡುವ ಕೆಲಸ.

ದೂರವೆಂದರೆ ನಿಜಕ್ಕೂ ದೂರವೇ. ಎರಡು ರೈಲು ಬದಲಾಯಿಸಿ, ಒಂದು ರಾತ್ರಿ ಹಡಗಿನಲ್ಲಿ ಕಳೆದರೆ ಒಂದು ದ್ವೀಪ. ಅಲ್ಲಿ ಅತ್ತೆಯ ತಂಗಿ. ಅಕ್ಕ ತಂಗಿ ಮುಖ ನೋಡಿ ಹತ್ತೊಂಬತ್ತು ವರ್ಷವಾಗಿತ್ತು. ಈಗ ತಂಗಿಯ ಒಂದು ಕಣ್ಣು ಪೂರಾ ಹೋಗಿತ್ತು. ಇನ್ನೊಂದರಲ್ಲಿ, ಒಂದು ಮೊಳ ದೂರದಲ್ಲಿ ಯಾರಾದರೂ ಬಂದು ಕೂತರೆ ಅವರ ಮುಖ ಕಾಣುತ್ತಿತ್ತು. ಮೊಬೈಲಿನ ಪರದೆಯಲ್ಲಿ ಬರೀ ಬೆಳಕು. ಪ್ರತಿ ಭಾನುವಾರ ಊಟವಾದ ಮೇಲೆ ಫೋನು ಬರುತ್ತಿತ್ತು. ಪ್ರತಿ ಭಾನುವಾರವೂ ತಂಗಿಯದು ಅದೇ ಮಾತು: "ಅಕ್ಕ, ಕಾಣೋ ಹಾಗಿರುವಾಗಲೇ ಬಂದುಬಿಡೇ."

"ಬರ್ತೀನಿ ಕಣೇ. ಸರ್ಕಾರದ ದುಡ್ಡು ಬಂದ ಕೂಡಲೇ ಬರ್ತೀನಿ."

ಸರ್ಕಾರದ ದುಡ್ಡು ಎಂದರೆ ಸೊಸೆಯ ದುಡ್ಡೇ. ಸೊಸೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ತಿಂಗಳ ಸಂಬಳದ ಹತ್ತರಲ್ಲೊಂದು ಪಾಲನ್ನು ತೆರಿಗೆಯೆಂದು ಮೊದಲೇ ಹಿಡಿದುಕೊಂಡು ಉಳಿದದ್ದನ್ನು ಕೈಗೆ ಕೊಡುತ್ತಿದ್ದರು. ಹಿಡಿದದ್ದನ್ನು ಕಾರ್ಖಾನೆಯ ಯಜಮಾನ ಸರ್ಕಾರಕ್ಕೆ ಕಟ್ಟಬೇಕು. ವರ್ಷದ ಕೊನೆಗೆ ಅರ್ಜಿ ಹಾಕಿದರೆ ಇವಳಂಥ ಸಣ್ಣ ಸಂಬಳದವರಿಗೆ ಅದರಲ್ಲಿ ಹೆಚ್ಚಿನ ಪಾಲನ್ನು ಸರ್ಕಾರ ಹಿಂದಿರುಗಿಸಬೇಕು. ಹಳೆಯ ಕಾರ್ಖಾನೆಯಲ್ಲಿದ್ದಾಗ ಹಾಗೇ ಬರುತ್ತಿತ್ತು. ಒಂದು ವರ್ಷ ಅದರಲ್ಲಿ ಹೊಲಿಗೆ ಯಂತ್ರ ಬಂತು, ಇನ್ನೊಂದು ವರ್ಷ ಸೋರುತ್ತಿದ್ದ ಛಾವಣಿ ರಿಪೇರಿಯಾಯಿತು. ಈ ಹೊಸ ಕಾರ್ಖಾನೆಗೆ ಬಂದ ಮೇಲೆ ಎರಡು ವರ್ಷ ಅವಳು ಬೇಕೆಂದೇ ಅರ್ಜಿ ಹಾಕಿರಲಿಲ್ಲ. ಒಟ್ಟಿಗೆ ಬರಲಿ, ಅತ್ತೆಗೂ ಜೊತೆಗೆ ಹೋಗುವವರಿಗೂ ಟಿಕೆಟ್ಟಿಗಾಗಲಿ ಎಂದುಕೊಂಡಿದ್ದಳು. ಸರ್ಕಾರವೆಂದರೆ ಅವಳ ಪಾಲಿಗೆ ಮಣ್ಣಿನ ಗೋಲಕ. ಒಡೆಯುವ ತನಕ ದುಡ್ಡು ಒಳಗೇ ಇರುತ್ತದೆ, ಎಲ್ಲಿಗೆ ಹೋಗುತ್ತದೆ?

ಈ ಸಲ ಅರ್ಜಿ ತುಂಬುವ ಕೆಲಸ ಹದಿನೇಳು ವರ್ಷದ ಮೊಮ್ಮಗಳ ಪಾಲಿಗೆ ಬಂದಿತ್ತು. ಒಂದು ಸಂಜೆ ಎಲ್ಲರೂ ತಟ್ಟೆಯ ಮುಂದೆ ಕೂತಿರುವಾಗ ಅವಳು ಮೊಬೈಲಿನಿಂದ ತಲೆಯೆತ್ತಿದಳು.

"ಅಮ್ಮಾ, ನಿನ್ನ ಹೆಸರಲ್ಲಿ ಸೊನ್ನೆ ಇದೆ."

"ಸೊನ್ನೆ ಅಂದ್ರೆ?"

"ಸೊನ್ನೆ ಅಂದ್ರೆ ಸೊನ್ನೆ. ಹೋದ ವರ್ಷ ಸೊನ್ನೆ, ಅದರ ಹಿಂದಿನ ವರ್ಷಾನೂ ಸೊನ್ನೆ. ನಿಮ್ಮ ಕಾರ್ಖಾನೆ ಯಜಮಾನರು ಒಂದು ಕಾಸೂ ಕಟ್ಟಿಲ್ಲ."

"ಏನೇ ಹೇಳ್ತಿದೀಯ? ತಿಂಗಳು ತಿಂಗಳು ಹಿಡಿದಿದಾರಲ್ಲೇ!"

"ಹಿಡಿದಿದಾರೆ. ಕಟ್ಟಿಲ್ಲ. ಅವೆರಡೂ ಒಂದೇ ಅಂತ ನಿಂಗೆ ಯಾರಮ್ಮ ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಹಿಡಿದ ಮೇಲೆ ಕಟ್ಟಿಯೇ ಇರುತ್ತಾರೆ ಎಂದು ಇವಳೇ ಅಂದುಕೊಂಡಿದ್ದಳು. ಕಾರ್ಖಾನೆಯ ನಲವತ್ತು ಜನವೂ ಹಾಗೇ ಅಂದುಕೊಂಡಿದ್ದರು.

ಅತ್ತೆ ಅನ್ನ ಬಡಿಸುತ್ತಿದ್ದವರು ಸೌಟನ್ನು ಪಾತ್ರೆಯಲ್ಲೇ ಬಿಟ್ಟರು. "ಅಂದ್ರೆ ಟಿಕೆಟ್ಟು?" ಎಂದು ಕೇಳಿದರು. "ನಂಗೆ ಅದೊಂದು ಹೇಳಿ ಸಾಕು. ಟಿಕೆಟ್ಟು?"

"ನೋಡೋಣ ಅಮ್ಮ" ಎಂದ ಮಗ. ಅವನು 'ನೋಡೋಣ' ಎಂದರೆ ಆಗುವುದಿಲ್ಲ ಎಂದೇ ಅರ್ಥವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಮರುದಿನ ಬೆಳಿಗ್ಗೆ ಗಂಡ ಹೆಂಡತಿಯ ನಡುವೆ ಹತ್ತಿಕೊಂಡಿತು.

"ಯಜಮಾನರನ್ನ ಕೇಳ್ತೀನಿ" ಎಂದಳು ಸೊಸೆ.

"ಕೇಳಿ ಏನು ಮಾಡ್ತೀಯ? ಇದ್ದ ಕೆಲಸಕ್ಕೂ ಕಲ್ಲು ಹಾಕ್ಕೋತೀಯ. ಮಗಳ ಫೀಸಿಗೆ ಮುಂಗಡ ಕೊಟ್ಟ ಮನುಷ್ಯ ಅವರು."

"ಮುಂಗಡ ಕೊಟ್ಟಿದ್ದು ನನ್ನ ದುಡ್ಡಲ್ಲೇ ಇರಬೇಕು ಅಂತ ಈಗ ಅನ್ನಿಸ್ತಿದೆ ಕಣ್ರೀ."

"ನಾನಂತೂ ಇದಕ್ಕೆ ತಲೆ ಹಾಕಲ್ಲ."

"ನೀವು ಯಾವುದಕ್ಕೆ ತಲೆ ಹಾಕಿದೀರ? ಲಿಫ್ಟಿನ ಗುಂಡಿಗೆ ಬಿಟ್ರೆ?"

ಹುಡುಗಿ ಮಧ್ಯೆ ಬಂದಳು. "ಇಬ್ಬರೂ ಸುಮ್ನಿರಿ. ಮೊದಲು ತೆರಿಗೆ ಕಚೇರಿಗೆ ಹೋಗಿ ಕೇಳೋಣ. ಯಜಮಾನರನ್ನ ಆಮೇಲೆ."

ಅರ್ಧ ದಿನ ರಜೆ ಹಾಕಿ ತಾಯಿ ಮಗಳು ಹೋದರು. ನಾಲ್ಕನೇ ಕಿಟಕಿಯಲ್ಲಿ ನೆಗಡಿಯಾಗಿದ್ದ ಒಬ್ಬಳು ಗುಮಾಸ್ತೆ ಕೂತಿದ್ದಳು. ಮೂಗು ಒರೆಸಿಕೊಳ್ಳುತ್ತಲೇ ಕಂಪ್ಯೂಟರ್ ನೋಡಿ, "ಬಂದಿಲ್ಲ" ಎಂದಳು. ಸೊಸೆಯ ಮುಖ ನೋಡಿ ಸ್ವಲ್ಪ ಮೆತ್ತಗಾದಳು.

"ನೋಡಮ್ಮ, ನಿಮ್ಮ ಸಂಬಳದಿಂದ ಹಿಡಿದಿದ್ದಾರೆ ಅಂತ ತೋರಿಸಿದ್ರೆ ಅದು ನೀವು ಕಟ್ಟಿದ ಹಾಗೇ ಲೆಕ್ಕ. ಅವರ ಕೈಯಿಂದ ವಸೂಲಿ ಮಾಡೋದು ನಮ್ಮ ತಲೆನೋವು, ನಿಮ್ಮದಲ್ಲ. ಆದ್ರೆ ತೋರಿಸಬೇಕು. ಬಾಯಿಮಾತಲ್ಲಿ ಆಗಲ್ಲ. ಸಂಬಳದ ಚೀಟಿಗಳಿವೆಯಾ?"

ಸೊಸೆ ತಡವರಿಸಿದಳು. "ಇವೆ... ಇದ್ವು."

"ಇದ್ವು ಅಂದ್ರೆ? ಚೀಟಿ ಎಲ್ಲಾ ತಗೊಂಡು ಬನ್ನಿ. ಮತ್ತೆ ಇನ್ಮೇಲೆ ಮೂರು ತಿಂಗಳಿಗೊಮ್ಮೆ ನೀವೇ ನೋಡ್ಕೋಬೇಕು, ಜಮೆ ಆಗಿದೆಯಾ ಅಂತ. ಒಲೆ ಮೇಲೆ ಹಾಲಿಟ್ಟು ಹೊರಗೆ ಹೋಗಿಬಿಡ್ತೀರಾ? ಹಾಗೇ ಇದೂನೂ."

ಸೊಸೆ ಮನೆಗೆ ಬಂದು, ಹೊಲಿಗೆ ಯಂತ್ರದ ಪಕ್ಕದ ಮೊಳೆಗೆ ತೂಗುಹಾಕಿದ್ದ ರಟ್ಟಿನ ಗೊಂಚಲಿನ ಮುಂದೆ ನಿಂತಳು. ಕಾಲರು, ಕಫ್ಫು, ಜೇಬು, ಜೇಬಿನ ಮುಚ್ಚಳ, ಹೀಗೆ ಹತ್ತಾರು ತುಂಡು. "ಚೀಟಿಗಳು ಇವೇ" ಎಂದಳು.

ಇದನ್ನು ಸ್ವಲ್ಪ ವಿವರಿಸಬೇಕು. ಕಾರ್ಖಾನೆಯ ಯಜಮಾನ ಸಂಬಳದ ಚೀಟಿಯನ್ನು ಸಾಮಾನ್ಯ ಕಾಗದದ ಮೇಲೆ ಮುದ್ರಿಸುತ್ತಿರಲಿಲ್ಲ. ಬಟ್ಟೆಯ ಅಳತೆಗೆ ಕತ್ತರಿಸಿ ಮಿಕ್ಕ ಗಟ್ಟಿ ರಟ್ಟನ್ನು ಬಿಸಾಡಲು ಮನಸ್ಸಾಗದೆ, ಅದರ ಹಿಂಬದಿಗೇ ಮುದ್ರಿಸಿ ಕೊಡುತ್ತಿದ್ದ. ಒಂದು ಗೇಣು ಅಗಲ, ಒಂದೂವರೆ ಗೇಣು ಉದ್ದ, ಅಂಗೈಯಲ್ಲಿ ಹಿಡಿದರೆ ಬಾಗದಂಥ ರಟ್ಟು. ಬಟ್ಟೆ ಕತ್ತರಿಸುವವರ ಕೈಗೆ ಅಂಥ ರಟ್ಟು ಸಿಕ್ಕರೆ ಕೇಳಬೇಕೆ? ಸಂಬಳ ಎಣಿಸಿಕೊಂಡ ಮೇಲೆ ಚೀಟಿಯನ್ನು ಯಾರೂ ಎರಡನೇ ಸಲ ಓದುತ್ತಿರಲಿಲ್ಲ. ಸೊಸೆ ಸಂಜೆ ಹೊತ್ತು ನೆರೆಹೊರೆಯವರಿಗೆ ಬಟ್ಟೆ ಹೊಲಿದುಕೊಡುತ್ತಿದ್ದಳು. ಕಾಲರಿಗೆ ಅಳತೆಯ ರಟ್ಟು ಬೇಕಾದರೆ ಜನವರಿಯ ಚೀಟಿ, ಜೇಬಿಗೆ ಫೆಬ್ರವರಿಯದು. ಕಾರ್ಖಾನೆಯ ಕತ್ತರಿ ಮೇಜಿನವರೆಲ್ಲರ ಮನೆಯಲ್ಲೂ ಇದೇ ಕಥೆ. ಯಜಮಾನ ಜಿಪುಣನೋ ಚಾಣಾಕ್ಷನೋ, ಆ ದೇವರಿಗೇ ಗೊತ್ತು.

"ಅಮ್ಮಾ! ಎರಡು ವರ್ಷದ ಸಂಬಳಾನ ಕತ್ತರಿಸಿ ಕಾಲರ್ ಮಾಡಿದೀಯಲ್ಲೇ!"

"ಒಳ್ಳೇ ರಟ್ಟಾಗಿತ್ತು" ಎಂದಳು ಸೊಸೆ ಸಣ್ಣ ದನಿಯಲ್ಲಿ.

ರಜೆಯ ದಿನ ಮಧ್ಯಾಹ್ನ ಆ ಗೊಂಚಲನ್ನು ಬಿಚ್ಚಿ ನೆಲದ ಮೇಲೆ ಹರಡಿದರು. ಒಂದು ತುಂಡಿನಲ್ಲಿ ಸೊಸೆಯ ಸಂಖ್ಯೆ, ಇನ್ನೊಂದರಲ್ಲಿ ಬರೀ ಮೊತ್ತ, ಮತ್ತೊಂದರಲ್ಲಿ ಯಜಮಾನನ ಸಹಿಯ ಬಾಲ. ತಿಂಗಳ ಹೆಸರಿದ್ದ ಮೇಲಂಚು ಬಹಳಷ್ಟರಲ್ಲಿ ಹಾರಿಹೋಗಿತ್ತು. ಹುಡುಗಿ ತಲೆಯ ಮೇಲೆ ಕೈ ಹೊತ್ತು ಕೂತಳು.

ಕೈಹಿಡಿದವರು ಅತ್ತೆ. ಆಲೂಗಡ್ಡೆ ಸುಲಿಯುವುದನ್ನು ಅಲ್ಲೇ ಬಿಟ್ಟು, ಕನ್ನಡಕ ಏರಿಸಿಕೊಂಡು, ನೆಲದಲ್ಲಿ ಕೂತರು.

"ಈ ಕಾಲರ್ರು ಎದುರುಮನೆ ಮೇಷ್ಟ್ರ ಅಂಗೀದು. ಅವರು ರಿಟೈರಾದ ದಿನ ಹಾಕ್ಕೊಳ್ಳೋಕೆ ಹೊಲಿಸಿದ್ದು. ಹಾಗಾದ್ರೆ ಇದು ಅದರ ಹಿಂದಿನ ತಿಂಗಳ ಚೀಟಿ. ಬರ್ಕೋ."

"ಈ ಜೇಬು?"

"ಇದು ನಿಮ್ಮಪ್ಪನದು. ಸ್ಕ್ರೂಡ್ರೈವರ್ ತುಂಬಿ ತುಂಬಿ ಹರಿದುಹಾಕಿದ್ನಲ್ಲ, ಅದಕ್ಕೆ ದಪ್ಪ ಬಟ್ಟೇಲಿ ಬೇರೆ ಮಾಡಿದ್ದು. ಆಗ ನಿನಗೆ ಪರೀಕ್ಷೆ ನಡೀತಿತ್ತು."

"ಅಜ್ಜಿ, ನಿಂಗೆ ನಿನ್ನೆ ಮಾತ್ರೆ ತಗೊಂಡ್ಯಾ ಅಂದ್ರೆ ನೆನಪಿರಲ್ಲ!"

"ಮಾತ್ರೆ ಯಾರಿಗೆ ಬೇಕಾಗಿತ್ತು? ಈಗ ನಂಗೆ ಬೇಕಾಗಿರೋದು ಟಿಕೆಟ್ಟು."

ಕತ್ತಲಾಗುವ ಹೊತ್ತಿಗೆ ಇಪ್ಪತ್ನಾಲ್ಕರಲ್ಲಿ ಹತ್ತೊಂಬತ್ತು ತಿಂಗಳು ಒಂದಿಷ್ಟು ಆಕಾರಕ್ಕೆ ಬಂದವು. ಹುಡುಗಿ ಅಂಟುಪಟ್ಟಿ ಹಾಕಿ ಜೋಡಿಸಿದಳು. ಆದರೆ ಒಂದು ತೊಡಕಿತ್ತು. ಹಿಡಿದ ಮೊತ್ತದ ಎದುರು ಎಲ್ಲದರಲ್ಲೂ ಮುದ್ರಿಸಿದ್ದು 'ತೆ.ಹಿ.' ಎಂದಷ್ಟೇ. ತೆರಿಗೆ ಹಿಡಿತ ಎಂದು ಇವರು ಓದಿಕೊಂಡಿದ್ದರು. 'ತೆಪ್ಪಗೆ ಹಿಡಿದದ್ದು' ಎಂದು ಮಗ ಹಿಂದೆಲ್ಲ ತಮಾಷೆ ಮಾಡುತ್ತಿದ್ದ. ಈಗ ಆ ತಮಾಷೆಗೆ ಅವನಿಗೇ ನಗು ಬರಲಿಲ್ಲ. ಇವಳು ಸೇರಿದ ಮೊದಲ ತಿಂಗಳ ಚೀಟಿಯೊಂದು ಮಾತ್ರ ಕೈಬರಹದ್ದು. ಅದರಲ್ಲಿ ಪೂರ್ತಿ ಪದವಿತ್ತು, ಆದರೆ ಕಫ್ಫಿನ ಅಳತೆಗೆ ಓಡಿದ ಕತ್ತರಿ ಸರಿಯಾಗಿ ಅದರ ಮೇಲೇ ಹಾದುಹೋಗಿತ್ತು. ಉಳಿದದ್ದು 'ತೆರಿ'. ಆ ಒಂದು 'ಗೆ' ಎಲ್ಲಿ ಗುಡಿಸಿಹೋಗಿತ್ತೋ!

ಸೊಸೆ ಈ ವಿಷಯವನ್ನು ಗುಂಡಿ ಹೊಲಿಯುವ ಗೆಳತಿಗೆ ಹೇಳಿದಳು. ಗೆಳತಿ ಇನ್ನಿಬ್ಬರಿಗೆ ಹೇಳಿದಳು. ಎರಡೇ ದಿನದಲ್ಲಿ ಅದು ಯಜಮಾನನ ಕಿವಿಗೂ ಬಿತ್ತು. ಶನಿವಾರ ಸಂಜೆ ಅವನೇ ಮನೆಗೆ ಬಂದ, ಕೈಯಲ್ಲೊಂದು ಲಕೋಟೆ, ಒಂದು ಹಾಳೆ. ಚಹಾ ಬೇಡವೆಂದ. ಕುರ್ಚಿಯ ತುದಿಯಲ್ಲೇ ಕೂತಿದ್ದ.

"ನೀವೆಲ್ಲ ತಪ್ಪು ತಿಳ್ಕೊಂಡಿದೀರಮ್ಮ. ತೆ.ಹಿ. ಅಂದ್ರೆ ತೆಗೆದು ಹಿಡಿದದ್ದು. ಅಂದ್ರೆ ನಿಮ್ಮ ಉಳಿತಾಯ. ನಿಮ್ಮ ಹೆಸರಲ್ಲಿ ತೆಗೆದಿಟ್ಟಿದ್ದೆ. ಅರ್ಧ ಈಗ ತಗೊಳ್ಳಿ, ಉಳಿದದ್ದು ಬರೋ ವರ್ಷ. ಹಾಗಂತ ಇಲ್ಲೊಂದು ಸಹಿ ಹಾಕಿ ಸಾಕು."

"ಎರಡು ವರ್ಷ ನೀವು ಅದನ್ನ ಉಳಿತಾಯ ಅಂತ ಒಂದು ದಿನಾನೂ ಅನ್ನಲಿಲ್ವಲ್ಲ ಸಾರ್" ಎಂದಳು ಸೊಸೆ.

ಅವನು ಹಣೆ ಉಜ್ಜಿಕೊಂಡ. ಕೆಟ್ಟ ಮನುಷ್ಯನಂತೇನೂ ಕಾಣಲಿಲ್ಲ, ನಾಲ್ಕು ದಿನ ನಿದ್ದೆಗೆಟ್ಟವನಂತಿದ್ದ. "ಹೋದ ವರ್ಷ ಆರ್ಡರ್ರೇ ಇರಲಿಲ್ಲ. ತೆರಿಗೆ ಕಟ್ಟಿದ್ರೆ ನಿಮಗೆ ಸಂಬಳ ಕೊಡೋಕೆ ಆಗ್ತಿರಲಿಲ್ಲ. ಯಾವುದು ಮುಖ್ಯ, ನೀವೇ ಹೇಳಿ."

"ಅಂದ್ರೆ ನಮ್ಮ ದುಡ್ಡಲ್ಲೇ ನಮಗೆ ಸಂಬಳ ಕೊಟ್ರಾ?" ಎಂದಳು ಹುಡುಗಿ.

ಅವನು ಅವಳತ್ತ ತಿರುಗಲೇ ಇಲ್ಲ. ಮಗನಿಗೆ ಹೇಳುವವನಂತೆ, "ಅಜ್ಜಿಯವರು ತಂಗೀನ ನೋಡೋಕೆ ಹೋಗ್ಬೇಕಂತೆ. ಇದರಲ್ಲಿ ಎರಡು ಟಿಕೆಟ್ಟಿಗೆ ಧಾರಾಳವಾಗಿ ಆಗುತ್ತೆ. ನಾಳೇನೇ ಹೊರಡಬಹುದು" ಎಂದ. ಕೊನೆಗೆ ಇನ್ನೊಂದು ಮಾತು ಸೇರಿಸಿದ: "ಕತ್ತರಿ ಮೇಜಿಗೆ ವಯಸ್ಸಲ್ಲಿ ಇವರೇ ಹಿರಿಯರು. ಇವರು ಸಹಿ ಹಾಕಿದ್ರೆ ಮಿಕ್ಕವರೂ ಹಾಕ್ತಾರೆ."

ಮಾತು ಇಲ್ಲಿಗೆ ಬರುವಷ್ಟರಲ್ಲಿ ಅತ್ತೆ ಎದ್ದು ಅಡುಗೆಮನೆಗೆ ಹೋಗಿದ್ದರು. ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೆ ತೊಳೆಯುವ ಸದ್ದು ಕೇಳುತ್ತಿತ್ತು. ಸೊಸೆ ಹಾಳೆ ಓದಿದಳು. ಇದು ಉಳಿತಾಯವೆಂದು ಒಪ್ಪಿ ಸಹಿ ಹಾಕಿದರೆ ತೆರಿಗೆ ಹಿಡಿದೇ ಇಲ್ಲ ಎಂದಾಗುತ್ತದೆ. ಆಮೇಲೆ ಆ ನಾಲ್ಕನೇ ಕಿಟಕಿಯಲ್ಲಿ ಯಾರೂ ಏನನ್ನೂ ಕೇಳುವ ಹಾಗಿಲ್ಲ, ಇವಳೂ ಇಲ್ಲ, ಗುಂಡಿ ಹೊಲಿಯುವವಳೂ ಇಲ್ಲ. ಇದೆಲ್ಲ ಅವಳಿಗೆ ಚೆನ್ನಾಗಿ ಅರ್ಥವಾಯಿತು. ಅರ್ಥವಾದ ಮೇಲೂ ಪೆನ್ನಿನ ಮುಚ್ಚಳ ತೆಗೆದಳು. ಎರಡು ತಿಂಗಳಿಂದ ಆ ಚೀಲ ನೋಡಿ ನೋಡಿ ಅವಳಿಗೂ ಸಾಕಾಗಿತ್ತು.

"ಅತ್ತೆ, ಹಾಕ್ಲಾ?"

ನಲ್ಲಿಯ ಸದ್ದು ನಿಂತಿತು.

"ಬೇಡ."

"ಅತ್ತೆ, ಇನ್ನೊಂದು ಸಲ ಯೋಚನೆ..."

"ಬೇಡ ಅಂದ್ನಲ್ಲ! ಇನ್ನೊಂದು ಸಲ ಕೇಳಬೇಡ ಕಣೇ. ಕೇಳಿದ್ರೆ ಹೂಂ ಅಂದ್ಬಿಡ್ತೀನಿ."

ಸೊಸೆ ಪೆನ್ನಿಗೆ ಮುಚ್ಚಳ ಹಾಕಿ ಹಾಳೆಯ ಮೇಲಿಟ್ಟು ಯಜಮಾನನತ್ತ ತಳ್ಳಿದಳು. ಅವನು ಲಕೋಟೆಯನ್ನು ಒಳಜೇಬಿಗೆ ಸೇರಿಸಿ, ಚಪ್ಪಲಿ ಮೆಟ್ಟಿ ಹೊರಟುಹೋದ.

ಬೇಡವೆಂದವರು ತಾವೇ ಆದರೂ ಅತ್ತೆ ಅದಾದ ಮೇಲೆ ಒಂದು ವಾರ ಇಡೀ ಮನೆಯ ಮೇಲೆ ಸಿಡುಕಿದರು. ಅನ್ನ ಮುದ್ದೆಯಾಗಿದೆ, ಬಕೆಟ್ಟು ಎಲ್ಲೆಂದರಲ್ಲಿ ಇಟ್ಟಿದ್ದೀರಿ, ಈ ಮನೆಯಲ್ಲಿ ಲೈಟು ಆರಿಸುವವರಿಲ್ಲ. ಮಂಗಳವಾರ ಮಗನ ಮೇಲೆ ಬಿದ್ದರು.

"ನೀನ್ಯಾಕೋ ಸುಮ್ನೆ ಕೂತಿದ್ದೆ? ಹಾಕು ಅನ್ನೋಕೆ ನಿನಗೆ ಬಾಯಿರಲಿಲ್ವಾ?"

"ನೀನೇ ಬೇಡ ಅಂದೆಯಲ್ಲಮ್ಮ!"

"ನಾನು ಬೇಡ ಅಂದೆ. ನೀನು ಬೇಕು ಅನ್ನಬಾರದಿತ್ತಾ?"

ಅವನು ಅರ್ಧ ಊಟ ಬಿಟ್ಟು ಎದ್ದ. ಅತ್ತೆ ಅವನ ತಟ್ಟೆಯ ಮುಂದೆ ಕೂತು ಅತ್ತರು. ಅವರಿಗೆ ತಂಗಿಯನ್ನು ನೋಡಬೇಕಿತ್ತು. ನ್ಯಾಯ, ನಲವತ್ತು ಜನ, ಅದೆಲ್ಲ ಸರಿಯೇ. ಆದರೆ ತಂಗಿಯನ್ನು ನೋಡಬೇಕಿತ್ತು, ಅವಳ ಕೈ ಹಿಡಿದು ಒಂದು ಇಡೀ ಮಧ್ಯಾಹ್ನ ಸುಮ್ಮನೆ ಕೂರಬೇಕಿತ್ತು. ಆ ಆಸೆ ಅವರನ್ನು ಒಳಗಿಂದ ತಿನ್ನುತ್ತಿತ್ತು.

ಮುಂದಿನ ಸೋಮವಾರ ನಾಲ್ಕನೇ ಕಿಟಕಿಯ ಮುಂದೆ ಕತ್ತರಿ ಮೇಜಿನ ಒಂಬತ್ತು ಜನ ನಿಂತಿದ್ದರು, ಪ್ರತಿಯೊಬ್ಬರ ಕೈಯಲ್ಲೂ ರಟ್ಟಿನ ಗೊಂಚಲು. ನೆಗಡಿ ವಾಸಿಯಾಗಿದ್ದ ಗುಮಾಸ್ತೆ ಮೊದಲು ಬೆಪ್ಪಾದಳು. ಆಮೇಲೆ ಒಂದು ಮಗುವಿನ ಅಂಗಿಯ ಕಾಲರನ್ನು ತನ್ನ ಕುತ್ತಿಗೆಗೆ ಹಿಡಿದು ನೋಡಿ ನಕ್ಕಳು.

"ಇದೇನಮ್ಮ, ಚೀಟಿ ತನ್ನಿ ಅಂದ್ರೆ ದರ್ಜಿ ಅಂಗಡೀನೇ ತಂದಿದೀರ?"

ಸೊಸೆ ಕಫ್ಫಿನ ತುಂಡನ್ನು ಮುಂದಿಟ್ಟು, "'ಗೆ' ಒಂದು ಹೋಗಿಬಿಟ್ಟಿದೆ ಮೇಡಂ" ಎಂದು ತಪ್ಪೊಪ್ಪಿಕೊಂಡಳು.

"ಹೋಗ್ಲಿ ಬಿಡಿ. 'ತೆರಿ' ಅಂತ ಬರೆದು ಮುಂದೆ ಮೊತ್ತ ಬರೆದಿದ್ದಾರೆ. ಅದು ತೆರಿಗೆ ಅಲ್ದೆ ಇನ್ನೇನು? ಕೈಬರಹ ಬೇರೆ ಇದೆ. ಆಗುತ್ತೆ."

ದೂರು ದಾಖಲಾಯಿತು. ಹಿಡಿದದ್ದು ಸಾಬೀತಾದ ತಿಂಗಳುಗಳ ಹಣ ಬರುತ್ತದೆ, ಆದರೆ ಯಜಮಾನನ ಪುಸ್ತಕಗಳನ್ನು ತರಿಸಿ ನೋಡಬೇಕು, ಆರು ತಿಂಗಳಾಗಬಹುದು ಎಂದಳು ಗುಮಾಸ್ತೆ. "ಹೆಚ್ಚೂ ಆಗಬಹುದು. ಸುಳ್ಳು ಹೇಳಲ್ಲ."

ಕಾರ್ಖಾನೆಯಲ್ಲಿ ಸೊಸೆಯನ್ನು ಕತ್ತರಿ ಮೇಜಿನಿಂದ ತೆಗೆದು, ಹೊಲಿದ ಬಟ್ಟೆಯ ನೂಲಿನ ತುದಿ ಕತ್ತರಿಸುವ ಬೆಂಚಿಗೆ ಕೂರಿಸಿದರು. ಕೆಲಸ ಕಳೆಯಲಿಲ್ಲ, ದೂರು ಕೊಟ್ಟವರನ್ನು ಕಳಿಸಿದರೆ ಇನ್ನೊಂದು ಕೇಸಾಗುತ್ತದೆಂದು ಯಜಮಾನನಿಗೆ ಯಾರೋ ಹೇಳಿದ್ದರಂತೆ. ಸಂಬಳ ಮಾತ್ರ ಇಳಿಯಿತು. ಮನೆಯಲ್ಲಿ ಮೊಟ್ಟೆ ವಾರಕ್ಕೊಂದು ದಿನವಾಯಿತು. ಏನಕ್ಕೂ ತಲೆ ಹಾಕುವುದಿಲ್ಲ ಎಂದಿದ್ದ ಮಗ ಯಾರಿಗೂ ಹೇಳದೆ ಭಾನುವಾರ ಬೆಳಗಿನ ಪಾಳಿಯನ್ನೂ ಒಪ್ಪಿಕೊಂಡು ಬಂದ. ಆ ದುಡ್ಡನ್ನು ಬೇರೆಯಾಗಿ ಇಡಲು ಹೆಂಡತಿಗೆ ಕೊಟ್ಟ.

ಅಂಥ ಒಂದು ಭಾನುವಾರ ಊಟವಾದ ಮೇಲೆ ಫೋನು ಬಂತು. ಅತ್ತೆಯ ಕೈ ಸೋಲುತ್ತದೆಂದು ಹುಡುಗಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಸೊಸೆ ತಟ್ಟೆ ಒರೆಸುತ್ತಿದ್ದಳು. ಪಾಳಿ ಮುಗಿಸಿ ಬಂದ ಮಗ ಗೋಡೆಗೊರಗಿ ಕಾಲು ಚಾಚಿದ್ದ.

"ಅಕ್ಕ, ಯಾವಾಗ ಬರ್ತೀಯೇ?"

"ಆರು ತಿಂಗಳಂತೆ ಕಣೇ."

"ಓ... ಆರು ತಿಂಗಳಾ." ಆಮೇಲೆ ತಂಗಿ ಹೇಳಿದಳು, "ಈ ವಾರದಿಂದ ಕಿಟಕಿ ಯಾವ ಕಡೆ ಇದೆ ಅಂತಷ್ಟೇ ಗೊತ್ತಾಗೋದು ಅಕ್ಕ. ಮುಖ ಗೊತ್ತಾಗಲ್ಲ. ಡಾಕ್ಟರು ಇನ್ನು ಮಾಡೋದೇನೂ ಇಲ್ಲ, ಬರಬೇಡಿ ಅಂದ್ರು."

ಸೊಸೆಯ ಕೈಯಲ್ಲಿದ್ದ ಬಟ್ಟೆ ನಿಂತಿತು. ಹಾಕಿಬಿಡಬೇಕಿತ್ತು ಆ ಸಹಿ, ಅತ್ತೆಯನ್ನು ಕೇಳಲೇಬಾರದಿತ್ತು ಎಂದು ಅವಳಿಗೆ ಅನ್ನಿಸಿತು. ಅತ್ತೆ ಮೇಜಿನ ಅಂಚನ್ನು ಬೆರಳಿನಿಂದ ಸವರುತ್ತ ಕೂತಿದ್ದರು.

"ಅಕ್ಕ, ಇದೀಯಾ? ಹಾಗಾದ್ರೆ ಒಂದು ಕೆಲಸ ಮಾಡು. ಈಗಲೇ ಹೇಳ್ಬಿಡು, ನೀನು ನೋಡೋಕೆ ಹೇಗಿದೀಯ? ನಾನು ಕೇಳ್ಕೋತೀನಿ."

"ಹೇಗಿರ್ತೀನಿ? ಮುದುಕಿ ಇದ್ದ ಹಾಗೆ."

"ಹಾಗಲ್ವೇ. ಸರಿಯಾಗಿ ಹೇಳು. ಕೂದಲು?"

ಹುಡುಗಿ ಗೋಡೆಯ ಕನ್ನಡಿಯನ್ನು ಕಳಚಿ ತಂದು ಅಜ್ಜಿಯ ಮುಂದೆ ಹಿಡಿದಳು. ಅತ್ತೆ ಕನ್ನಡಕ ಸರಿಮಾಡಿಕೊಂಡು, ಯಾರೋ ಪರಿಚಯವಿಲ್ಲದವರನ್ನು ನೋಡುವಂತೆ ನೋಡಿದರು.

"ಪೂರಾ ಬೆಳ್ಳಗೆ. ಮುಂದೆ ಸ್ವಲ್ಪ ಉದುರಿದೆ."

"ಹಲ್ಲು?"

"ಮೇಲಿನವು ಎರಡು ಇಲ್ಲ. ನಕ್ರೆ ಕಾಣುತ್ತೆ."

"ನಗಬೇಡ ಹಾಗಾದ್ರೆ." ಆ ಕಡೆಯಿಂದ ಸಣ್ಣಗೆ ನಗು ಕೇಳಿಸಿತು. "ಕೆನ್ನೆ?"

"ಒಳಗೆ ಹೋಗಿದೆ. ಕಣ್ಣಿನ ಕೆಳಗೆ ಚೀಲ. ಗಲ್ಲದ ಹತ್ರ..." ಅತ್ತೆ ಕನ್ನಡಿಯತ್ತ ಇನ್ನಷ್ಟು ಬಾಗಿದರು. ದನಿ ಬದಲಾಯಿತು. "ಅಮ್ಮನ ಹಾಗೇ ಆಗಿಬಿಟ್ಟಿದೀನಿ ಕಣೇ. ಕೊನೆಕೊನೆಗೆ ಅಮ್ಮ ಇದ್ದಳಲ್ಲ, ಥೇಟು ಹಾಗೇ."

ಮಗ ಕಾಲು ಮಡಿಸಿ ಎದ್ದು ಕೂತ.

"ಹಾಗಾದ್ರೆ ನಾನು ನಿನ್ನ ನೋಡಿಯಾಯ್ತು ಬಿಡಕ್ಕ" ಎಂದಳು ತಂಗಿ. "ಇನ್ನು ನೀನು ಬರದೇ ಇದ್ರೂ ಪರವಾಗಿಲ್ಲ."

ಅತ್ತೆ ಕನ್ನಡಿಯನ್ನು ಕೈಯಿಂದ ಪಕ್ಕಕ್ಕೆ ಸರಿಸಿದರು.

"ನೀನು ನೋಡಿದೆ. ನಾನಿನ್ನೂ ನಿನ್ನ ನೋಡಿಲ್ವಲ್ಲೇ."